ಫೋನಕ್ಕ ಕೊಟ್ಟ ಕಾಯಂ ನಂಬರು

ನಮ್ಮ ಆಸ್ಪತ್ರೆಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಫೋನಕ್ಕ. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆಸ್ಪತ್ರೆಯ ಒಂದು ಮೂಲೆಯವರನ್ನು ಇನ್ನೊಂದು ಮೂಲೆಯವರಿಗೆ ಮಾತಿಗೆ ಜೋಡಿಸುತ್ತ ಇಪ್ಪತ್ತಾರು ವರ್ಷ ಕೂತವರು. ನೂರ ಎಂಬತ್ತನಾಲ್ಕು ಒಳಗಿನ ನಂಬರುಗಳು ಅವರಿಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ "ಮಕ್ಕಳ ವಾರ್ಡು?" ಎಂದು ಕೇಳಿದರೂ "ಅರವತ್ತೆರಡು, ಅಲ್ಲಿ ಎತ್ತದಿದ್ದರೆ ಅರವತ್ತಮೂರು" ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದರಂತೆ. ಇದು ಅವರ ಗಂಡ ಹೇಳಿದ ಮಾತು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು, ಸ್ವಲ್ಪ ಮಾತುಗಾರ.

ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಕೆಲಸಕ್ಕೆ ಸೇರಿದ ಮೊದಲ ದಿನ ಯಾವುದೋ ವಾರ್ಡಿಗೆ ಮಾತಾಡಬೇಕೆಂದು ರಿಸೀವರ್ ಎತ್ತಿದಾಗ ಅತ್ತಲಿಂದ ಒಂದು ದನಿ ಕೇಳಿತು.

"ಹೊಸಬರಾ? ಉಸಿರಲ್ಲೇ ಗೊತ್ತಾಗುತ್ತೆ. ಲ್ಯಾಬಿಂದ ತಾನೇ? ಯಾರು ಬೇಕು ಹೇಳಿ, ಹೆದರ್ಕೋಬೇಡಿ."

ಅಂದಿನಿಂದ ನಾನು ಅವರಿಗೆ ರಕ್ತದಪ್ಪ. ಎಲ್ಲರ ಎದುರೂ ಹಾಗೇ ಕರೆಯುತ್ತಿದ್ದರು. ಮೊದಮೊದಲು ಮುಜುಗರವಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಒಂದು ಸೋಮವಾರ ನಾಲ್ಕು ಜನ ಬಂದು ಅವರ ಕೋಣೆಯ ಫೋನ್ ಜೋಡಿಸುವ ಬೋರ್ಡನ್ನು ಗೋಡೆಯಿಂದ ಬಿಚ್ಚಿ, ಹಾಸಿಗೆ ಸುತ್ತಿದ ಹಾಗೆ ತಂತಿಗಳನ್ನು ಸುತ್ತಿ ತೆಗೆದುಕೊಂಡು ಹೋದರು. ಇನ್ನು ಮೇಲೆ ಪ್ರತಿ ಮೇಜಿಗೂ ನೇರ ಫೋನು, ನಡುವೆ ಯಾರೂ ಬೇಕಾಗಿಲ್ಲ. ಫೋನಕ್ಕನಿಗೆ ಆಗ ನಲವತ್ತೊಂಬತ್ತು. ಮನೆಗೆ ಕಳಿಸುವ ಹಾಗಿಲ್ಲ, ಕೊಡಲು ಕೆಲಸವಿಲ್ಲ. ಕಂಪ್ಯೂಟರ್ ವಿಭಾಗದ ಬಾಗಿಲ ಪಕ್ಕ ಒಂದು ಕುರ್ಚಿ, ಒಂದು ಮೇಜು, ಒಂದು ದಪ್ಪ ಪುಸ್ತಕ ಕೊಟ್ಟು ಕೂರಿಸಿದರು. ಯಾವ ವಾರ್ಡಿನ ಕಂಪ್ಯೂಟರ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಬರೆದುಕೊಳ್ಳುವುದು ಅವರ ಹೊಸ ಕೆಲಸ. ಅಷ್ಟೇ. ಬರೆದದ್ದನ್ನು ಓದಬೇಕಾದವನು ಒಬ್ಬ ಇಂಜಿನಿಯರ್. ಹೊರಗಿನ ಕಂಪನಿಯವನು, ಮೂರು ಆಸ್ಪತ್ರೆಗಳನ್ನು ನೋಡಿಕೊಳ್ಳಬೇಕಾದವನು. ನಮ್ಮಲ್ಲಿಗೆ ಮಂಗಳವಾರ, ಶುಕ್ರವಾರ ಬರುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನ ಹಾಗೆ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಮೂಲೆಗೆ ಹಾಕಿದರಲ್ಲ ಅಕ್ಕ" ಎಂದೆ ನಾನು, ಸಮಾಧಾನ ಹೇಳಲು ಹೋಗಿ.

"ಮೂಲೆಯಿಂದ ಇಡೀ ಕೋಣೆ ಕಾಣುತ್ತೆ ರಕ್ತದಪ್ಪ" ಎಂದರು ಅವರು, ಪುಸ್ತಕದಲ್ಲಿ ಗೆರೆ ಎಳೆಯುತ್ತ.

ಗೆರೆ ಎಳೆದದ್ದು ಸುಮ್ಮನೆ ಅಲ್ಲ. ಪುಸ್ತಕದಲ್ಲಿ ಇದ್ದದ್ದು ಮೂರೇ ಕಲಂ: ದಿನ, ವಾರ್ಡು, ದೂರು. ಫೋನಕ್ಕ ನಾಲ್ಕನೆಯದನ್ನು ತಾವೇ ಸೇರಿಸಿದರು. ಅದರ ತಲೆಬರಹ, "ಅದಕ್ಕೆ ಮುಂಚೆ ಏನಾಗಿತ್ತು?" ದೂರು ಹೇಳಲು ಬಂದ ನರ್ಸುಗಳಿಗೆ ಈ ಪ್ರಶ್ನೆ ಕೇಳಿ ಕೇಳಿ ಅವರು ಬೇಜಾರು ಹುಟ್ಟಿಸಿದ್ದೂ ಉಂಟು.

ಆ ದಿನಗಳಲ್ಲಿ ನಮಗೆ ದೊಡ್ಡ ತಲೆನೋವಾಗಿದ್ದ ದೂರು ಒಂದೇ. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ನಾವು ಮಾಡಿದ ಪರೀಕ್ಷೆಗಳ ಫಲಿತಾಂಶವೆಲ್ಲ ಅದರಲ್ಲಿ ಸೇರುತ್ತಿತ್ತು, ವಾರ್ಡುಗಳ ಇಪ್ಪತ್ತೇಳು ಕಂಪ್ಯೂಟರುಗಳು ಅದನ್ನು ಹುಡುಕಿಕೊಂಡು ಬಂದು ಫಲಿತಾಂಶ ತೆಗೆದುಕೊಳ್ಳಬೇಕಿತ್ತು. ವಾರಕ್ಕೊಮ್ಮೆಯಾದರೂ ಅವು ದಾರಿ ತಪ್ಪಿದವರ ಹಾಗೆ ನಿಂತುಬಿಡುತ್ತಿದ್ದವು. ಪರದೆ ಖಾಲಿ. ಆಗ ನಾನು ಚೀಟಿಯಲ್ಲಿ ಬರೆದುಕೊಂಡು ಮಹಡಿ ಮಹಡಿ ಓಡಬೇಕು. ರಸ್ತೆಯಾಚೆಗಿನ ಹೊಸ ಕಟ್ಟಡಕ್ಕೂ, ಅಲ್ಲಿದ್ದ ಆಪರೇಷನ್ ಥಿಯೇಟರಿಗೂ ಓಡಬೇಕು. ಇಂಜಿನಿಯರ್ ಬಂದು ಇಪ್ಪತ್ತೇಳು ಕಂಪ್ಯೂಟರುಗಳಲ್ಲೂ ಏನೋ ಒಂದು ನಂಬರ್ ಬದಲಾಯಿಸಿದ ಮೇಲೆ ಸರಿಹೋಗುತ್ತಿತ್ತು. ಮತ್ತೆ ಕೆಲವು ದಿನಕ್ಕೆ ಅದೇ ಕಥೆ.

ಎರಡು ತಿಂಗಳಾದ ಮೇಲೆ ಒಂದು ಶುಕ್ರವಾರ ಫೋನಕ್ಕ ಪುಸ್ತಕ ಎತ್ತಿಕೊಂಡು ಇಂಜಿನಿಯರನ ಎದುರು ನಿಂತರು. ನಾನೂ ಅಲ್ಲೇ ಇದ್ದೆ.

"ಅಪ್ಪಾ, ಒಂದು ನಿಮಿಷ. ಈ ದೂರು ಹನ್ನೊಂದು ಸಲ ಬಂದಿದೆ. ಹನ್ನೊಂದು ಸಲವೂ ಅದಕ್ಕೆ ಮುಂಚೆ ಕರೆಂಟ್ ಹೋಗಿ ಬಂದಿದೆ. ನೋಡು."

ಅವನು ನಾಲ್ಕನೆಯ ಕಲಮಿನ ಮೇಲೆ ಬೆರಳಾಡಿಸಿದ. ಬೆರಳು ನಿಂತಿತು.

"ಹೌದು ಅಕ್ಕ. ಕರೆಂಟ್ ಹೋದ್ರೆ ನಂಬರ್ ಹಂಚುವ ರೂಟರ್ ಎಲ್ಲಾ ಮರೆತುಬಿಡುತ್ತೆ. ವಾಪಸ್ ಬಂದಾಗ ಯಾವ ಕಂಪ್ಯೂಟರ್ ಮೊದಲು ಕೇಳುತ್ತೋ ಅದಕ್ಕೆ ಮೊದಲ ನಂಬರ್ ಕೊಡುತ್ತೆ. ಸಾಲಲ್ಲಿ ನಿಂತವರಿಗೆ ಟೋಕನ್ ಕೊಟ್ಟ ಹಾಗೆ. ಸರ್ವರಿಗೂ ಅವತ್ತು ಸಿಕ್ಕಿದ್ದೇ ನಂಬರು."

ಫೋನಕ್ಕ ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು.

"ಅಂದ್ರೆ ಎಲ್ಲರೂ ಯಾರಿಗೆ ಫೋನ್ ಮಾಡ್ಬೇಕೋ ಅವನ ನಂಬರೇ ದಿನಕ್ಕೊಂದಾ? ಮಾಡುವವರ ನಂಬರ್ ಏನಾದ್ರೂ ಇರಲಿ ಅಪ್ಪಾ, ಯಾರೂ ಕೇಳಲ್ಲ. ಮಾಡಿಸಿಕೊಳ್ಳುವವನ ನಂಬರ್ ಕಾಯಂ ಇರಬೇಕು. ಇಪ್ಪತ್ತಾರು ವರ್ಷ ನಾನು ಮಾಡಿದ್ದು ಇದೊಂದೇ ಕೆಲಸ."

ಇಂಜಿನಿಯರ್ ನಕ್ಕುಬಿಟ್ಟ. ಹಂಗಿಸುವ ನಗು ಅಲ್ಲ, ತನಗೆ ಗೊತ್ತಿದ್ದೂ ಕಾಲ ಸಿಗದೆ ಬಿಟ್ಟಿದ್ದ ಕೆಲಸವನ್ನು ಬೇರೆಯವರು ಎತ್ತಿ ಹೇಳಿದಾಗ ಬರುವ ನಗು. ಅವತ್ತೇ ಕೂತು ಸರ್ವರಿಗೆ ಒಂದು ಕಾಯಂ ನಂಬರು ಬರೆದ. ಹತ್ತೇ ನಿಮಿಷದ ಕೆಲಸ. ಬಸ್ಸಿಗೆ ಹೊತ್ತಾಯಿತೆಂದು ಓಡಿಹೋದ.

ಮರುದಿನವೇ ಇನ್ನೂ ದೊಡ್ಡ ಗಲಾಟೆ. ಹೊಸದಾಗಿ ಬಂದ ಒಬ್ಬ ಡಾಕ್ಟರು ತಮ್ಮ ಲ್ಯಾಪ್‌ಟಾಪ್ ಜೋಡಿಸಿದ್ದರು. ರೂಟರ್ ತನ್ನ ಪಾಡಿಗೆ ತಾನು ಸರ್ವರಿನ ನಂಬರನ್ನೇ ಅದಕ್ಕೂ ಕೊಟ್ಟುಬಿಟ್ಟಿತ್ತು. ಅರ್ಧ ವಾರ್ಡುಗಳು ಫಲಿತಾಂಶ ಕೇಳಿಕೊಂಡು ಸರ್ವರಿಗೆ ಹೋದರೆ, ಇನ್ನರ್ಧ ಆ ಡಾಕ್ಟರ ಲ್ಯಾಪ್‌ಟಾಪಿನ ಬಾಗಿಲು ಬಡಿಯುತ್ತಿದ್ದವು. ಫೋನ್ ಮಾಡಿ ಕರೆಸಿದ ಇಂಜಿನಿಯರ್ ತಲೆ ಕೆರೆದುಕೊಂಡು ಎಲ್ಲವನ್ನೂ ಮೊದಲಿನ ಹಾಗೇ ಮಾಡಿದ.

"ಬೇಡ ಬಿಡಿ ಅಕ್ಕ, ಇದಕ್ಕೆ ಕೈ ಹಾಕಿದ್ದೇ ತಪ್ಪಾಯ್ತು."

ಫೋನಕ್ಕ ಬಿಡಲಿಲ್ಲ. ಅವರಿಗೆ ಹಳೆಯದೊಂದು ಘಟನೆ ನೆನಪಾಗಿತ್ತು, ಅದನ್ನು ನಮಗೆ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ತಂತಿ ತಪ್ಪಿ ಜೋಡಿಸಿ, ನಲವತ್ತನಾಲ್ಕು ಎಂಬ ನಂಬರು ಅಡುಗೆಮನೆಯಲ್ಲೂ ಶವಾಗಾರದಲ್ಲೂ ಒಟ್ಟಿಗೆ ಹೊಡೆದುಕೊಳ್ಳುತ್ತಿತ್ತಂತೆ. ಒಂದು ಮಧ್ಯಾಹ್ನ ವಾರ್ಡಿನ ನರ್ಸೊಬ್ಬರು ಊಟಕ್ಕೆಂದು ಫೋನ್ ಮಾಡಿ "ಎಷ್ಟು ಉಳಿದಿದೆ?" ಎಂದರು. "ಮೂರಿದೆ" ಎಂಬ ಉತ್ತರ ಬಂತು. "ಇನ್ನೂ ಬಿಸಿ ಇದೆಯಾ?" ಎಂದು ಕೇಳಿದಾಗ ಶವಾಗಾರದ ಮನುಷ್ಯ ರಿಸೀವರ್ ಕೈಬಿಟ್ಟನಂತೆ.

ನಾವು ನಗುತ್ತಿದ್ದಾಗ ಅವರು ನಗಲಿಲ್ಲ. "ಆವತ್ತು ನಾನು ಏನು ಮಾಡಿದೆ ಗೊತ್ತಾ? ಯಾವ ನಂಬರ್ ಯಾರದ್ದು ಅಂತ ಕಟ್ಟಡ ಪೂರ್ತಿ ಸುತ್ತಿ ಬರೆದೆ. ಪಟ್ಟಿ ಇಲ್ಲದೆ ಕಾಯಂ ನಂಬರ್ ಕೊಟ್ರೆ ಇನ್ನೇನಾಗುತ್ತೆ?"

ಅವತ್ತಿನಿಂದಲೇ ಮೂರು ದಿನ ಅವರು ಎರಡೂ ಕಟ್ಟಡಗಳನ್ನು ಸುತ್ತಿದರು. ಕೈಯಲ್ಲಿ ಇನ್ನೂರು ಹಾಳೆಯ ನೋಟ್‌ಬುಕ್ಕು. ಮಂಡಿ ನೋವು ಬೇರೆ, ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದರು. ಪ್ರತಿ ಕಂಪ್ಯೂಟರಿನ ಮುಂದೆಯೂ ಕೂತು, ಇಂಜಿನಿಯರ್ ತೋರಿಸಿಕೊಟ್ಟಿದ್ದ ಕಿಟಕಿಯೊಂದನ್ನು ಪರದೆಯ ಮೇಲೆ ತೆರೆದು, ಅದರಲ್ಲಿ ಕಂಡ ಸಾಲುಗಳನ್ನು ಚಾಚೂತಪ್ಪದೆ ಬರೆದುಕೊಂಡರು: ಅದರ ನಂಬರು, ಅದು ಯಾವ ಗುಂಪಿಗೆ ಸೇರಿದ್ದು, ಗುಂಪಿನಿಂದ ಹೊರಗೆ ಹೋಗುವ ಬಾಗಿಲಿನ ನಂಬರು. ಪ್ರಿಂಟರುಗಳನ್ನೂ ಬಿಡಲಿಲ್ಲ. ನರ್ಸುಗಳು "ಏನಕ್ಕ, ಜನಗಣತಿನಾ?" ಎಂದು ಕೇಳಿದರೆ, "ಹೌದು, ನಿಮ್ಮ ಕಂಪ್ಯೂಟರಿಗೆ ಮದುವೆ ಆಗಿದೆಯಾ?" ಎನ್ನುತ್ತಿದ್ದರು.

ಮಂಗಳವಾರ ಇಂಜಿನಿಯರ್ ಬಂದಾಗ ಆ ನೋಟ್‌ಬುಕ್ ಅವನ ಮುಂದಿತ್ತು. ಎಂಬತ್ತೊಂಬತ್ತು ಯಂತ್ರಗಳು, ಒಂದೂ ಬಿಟ್ಟಿಲ್ಲ. ಅವನು ಹಾಳೆ ತಿರುವುತ್ತ ತಿರುವುತ್ತ ಕುರ್ಚಿ ಎಳೆದುಕೊಂಡು ಕೂತುಬಿಟ್ಟ. ಅವನು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕ, ಇದು ನನ್ನ ಹತ್ರಾನೂ ಇಲ್ಲ."

"ಈಗ ಇದೆಯಲ್ಲ. ಮೊದಲ ಐವತ್ತು ನಂಬರನ್ನ ರೂಟರ್ ಯಾರಿಗೂ ಕೊಡದ ಹಾಗೆ ಮಾಡು. ಅವು ಕಾಯಂ ಇರುವವರಿಗೆ. ಉಳಿದದ್ದನ್ನ ಅದು ಬೇಕಾದವರಿಗೆ ಹಂಚಿಕೊಳ್ಳಲಿ."

ಅವನು ಹಾಗೇ ಮಾಡಿದ. ಸರ್ವರಿನ ನಂಬರನ್ನು ಮಾತ್ರ ಮುಟ್ಟಲಿಲ್ಲ. ಕೆಲಸದ ಹೊತ್ತಿನಲ್ಲಿ ಅದನ್ನು ಮುಟ್ಟಿದರೆ ವಾರ್ಡುಗಳಿಗೆ ತೊಂದರೆ, ಮುಂದಿನ ವಾರ ಬೇಗ ಬಂದು ಮಾಡುತ್ತೇನೆ ಎಂದ. ತಾನು ಇಲ್ಲದಾಗ ಬೇಕಾದೀತು ಎಂದು ಸರ್ವರಿನ ಗುಪ್ತಪದವನ್ನು ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ದೊಡ್ಡ ಡಾಕ್ಟರ ಕೈಗೆ ಕೊಟ್ಟು ಹೋದ.

ಆ ಮುಂದಿನ ವಾರ ಬರುವ ಮುಂಚೆಯೇ, ಗುರುವಾರ ಬೆಳಿಗ್ಗೆ ಹತ್ತೂವರೆಗೆ ಕರೆಂಟ್ ಹೋಯಿತು. ಜನರೇಟರ್ ಗುಡುಗಿಕೊಂಡು ಶುರುವಾಯಿತು, ದೀಪಗಳು ಬಂದವು, ವಾರ್ಡಿನ ಪರದೆಗಳು ಮಾತ್ರ ಎಂದಿನ ಹಾಗೆ ಖಾಲಿ. ಅವತ್ತು ಥಿಯೇಟರಿನಲ್ಲಿ ಒಂದರ ಹಿಂದೆ ಒಂದು ನಾಲ್ಕು ಆಪರೇಷನ್‌ಗಳು. ಮೊದಲನೆಯದು ಆಗಲೇ ನಡೆಯುತ್ತಿತ್ತು. ಅರ್ಧ ಗಂಟೆಗೊಮ್ಮೆ ಅವರಿಗೆ ರಕ್ತದ ಲೆಕ್ಕ ಬೇಕು. ನಾನು ಚೀಟಿ ಹಿಡಿದು ರಸ್ತೆ ದಾಟಿ ಎರಡು ಸಲ ಓಡಿದೆ. ಎರಡನೆಯ ಸಲ ವಾಪಸ್ ಬರುವಾಗ ಮೆಟ್ಟಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡೆ.

ಕುಂಟುತ್ತ ಬಂದ ನನ್ನನ್ನು ನೋಡಿ ಫೋನಕ್ಕ ಇಂಜಿನಿಯರಿಗೆ ಫೋನ್ ಮಾಡಿದರು. ಅವನು ಬಸ್ಸಿನಲ್ಲಿದ್ದ, ಇನ್ನೊಂದು ಆಸ್ಪತ್ರೆಯ ದಾರಿಯಲ್ಲಿ. ನಮ್ಮಲ್ಲಿಗೆ ತಿರುಗಿ ಬರಲು ಮೂರು ಗಂಟೆ ಬೇಕು.

"ಅಕ್ಕ, ನೀವೇ ಮಾಡಿ. ಐದನೇ ನಂಬರ್ ಖಾಲಿ ಇದೆ, ನಿಮ್ಮ ಪಟ್ಟಿಯಲ್ಲೇ ಇದೆ. ಉಳಿದ ಸಾಲುಗಳು ಸರ್ವರಿನ ಪಕ್ಕ ಒಂದು ಹಾಳೆ ಅಂಟಿಸಿದ್ದಾರೆ ನೋಡಿ, ಅದರಲ್ಲಿ..." ಎಂದ. ಅಷ್ಟರಲ್ಲಿ ಮಾತು ಕತ್ತರಿಸಿಹೋಯಿತು. ಮತ್ತೆ ಸಿಗಲಿಲ್ಲ.

ಫೋನಕ್ಕ ದೊಡ್ಡ ಡಾಕ್ಟರ ಕೋಣೆಗೆ ಹೋದರು. ದೊಡ್ಡ ಡಾಕ್ಟರು ಐವತ್ತೈದರ ಹೆಂಗಸು, ಮಿತಭಾಷಿ. ಅವರನ್ನು ಕಂಡರೆ ಎಲ್ಲರಿಗೂ ಒಳಗೊಳಗೇ ಅಳುಕು.

"ಕೆಟ್ಟುಹೋದ್ರೆ?" ಎಂದು ಕೇಳಿದರು ಅವರು.

"ಈಗ ಸರಿ ಇದೆಯಾ ಮೇಡಂ?" ಎಂದರು ಫೋನಕ್ಕ.

ದೊಡ್ಡ ಡಾಕ್ಟರು ಖಾನೆ ತೆರೆದು ಲಕೋಟೆ ಕೊಟ್ಟರು. ಕೊಟ್ಟು ತಾವೂ ಎದ್ದು ಬಂದು ಸರ್ವರ್ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತರು.

ಸರ್ವರಿನ ಮುಂದೆ ಕೂತ ಫೋನಕ್ಕ ಮೊದಲು ಸೆರಗಿನಿಂದ ಕೈ ಒರೆಸಿಕೊಂಡರು. ಕಿಟಕಿ ತೆರೆದರು. ತಾನಾಗಿಯೇ ನಂಬರು ಪಡೆ ಎಂಬಲ್ಲಿದ್ದ ಗುರುತನ್ನು ತೆಗೆದು, ನಾನು ಹೇಳುವ ನಂಬರು ಇಟ್ಟುಕೋ ಎಂಬಲ್ಲಿ ಗುರುತು ಹಾಕಿದರು. ಖಾಲಿ ಮನೆಗಳು ಬಾಯಿ ತೆರೆದುಕೊಂಡವು. ಒಂದೊಂದಾಗಿ ತುಂಬುತ್ತ ಹೋದರು, ಪ್ರತಿ ಅಂಕಿಯನ್ನೂ ಗಟ್ಟಿಯಾಗಿ ಹೇಳುತ್ತ, ಹಿಂದೆ ದೂರದೂರಿನ ಫೋನ್ ನಂಬರು ಓದಿ ಹೇಳುತ್ತಿದ್ದ ಅದೇ ದನಿಯಲ್ಲಿ.

"ನೂರ ತೊಂಬತ್ತೆರಡು. ನೂರ ಅರವತ್ತೆಂಟು. ಹತ್ತು. ಐದು."

ಗುಂಪಿನ ಸಾಲು ಬರೆದರು. ಹೊರಗೆ ಹೋಗುವ ಬಾಗಿಲಿನ ಸಾಲಿಗೆ ಪಕ್ಕದ ಹಾಳೆ ನೋಡಿ ಕೊನೆಯಲ್ಲಿ ಇನ್ನೂರ ಐವತ್ತನಾಲ್ಕು ಎಂದು ತುಂಬಿದರು. ಸರಿ ಎಂಬುದನ್ನು ಒತ್ತಿದರು.

ನಾನು ಲ್ಯಾಬಿನ ಕಂಪ್ಯೂಟರಿನಲ್ಲಿ ಹೊಸ ನಂಬರು ಹಾಕಿದೆ. ಫಲಿತಾಂಶಗಳು ಸಾಲುಸಾಲಾಗಿ ಬಂದವು. ಮಕ್ಕಳ ವಾರ್ಡಿನಲ್ಲಿ ಹಾಕಿಸಿದೆವು, ಅಲ್ಲೂ ಬಂದವು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಅಷ್ಟರಲ್ಲಿ ಹೊಸ ಕಟ್ಟಡದ ಥಿಯೇಟರಿನಿಂದ ಫೋನ್ ಬಂತು. ಹೇಳಿದ ನಂಬರು ಹಾಕಿದ್ದೇವೆ, ಏನೂ ಕಾಣುತ್ತಿಲ್ಲ.

ಎಲ್ಲಿ ಬೇಕೋ ಅಲ್ಲೇ ಇಲ್ಲ! ದೊಡ್ಡ ಡಾಕ್ಟರು ಗಡಿಯಾರ ನೋಡಿದರು. ನಾನು ಮತ್ತೆ ಚೀಟಿ ಬರೆಯಲು ಪೆನ್ನು ತೆಗೆದೆ.

ಫೋನಕ್ಕ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ಗಾಬರಿಯಿಂದ ಅಲ್ಲ ಎಂದು ಆಮೇಲೆ ತಿಳಿಯಿತು. ಯಾವುದಾದರೂ ಲೈನಿನಲ್ಲಿ ತೊಡಕು ಬಂದಾಗ ಅವರು ಹಾಗೆಯೇ ಕೂತು ಕೇಳಿಸಿಕೊಳ್ಳುತ್ತಿದ್ದರಂತೆ.

"ಈ ಕಟ್ಟಡದಲ್ಲಿ ಹಾಕಿದ ಕಡೆಯೆಲ್ಲ ಬಂತು ಅಲ್ವಾ?" ಎಂದರು.

"ಬಂತು."

"ರಸ್ತೆಯಾಚೆ ಮಾತ್ರ ಇಲ್ಲ."

"ಇಲ್ಲ ಅಕ್ಕ."

"ಒಳಗಿನ ಕರೆ ಹೋಗ್ತಿದೆ, ಹೊರಗಿನದು ಹೋಗ್ತಿಲ್ಲ. ನಮ್ಮ ಹಳೇ ಬೋರ್ಡಲ್ಲಿ ಹೊರಗೆ ಮಾತಾಡ್ಬೇಕಾದ್ರೆ ಮೊದಲು ಒಂಬತ್ತು ಒತ್ತಬೇಕಿತ್ತು. ಒಂಬತ್ತು ತಪ್ಪಿದ್ರೆ ಹೀಗೇ ಆಗೋದು." ಕಣ್ಣು ತೆರೆದರು. "ರಕ್ತದಪ್ಪ, ಬಾಗಿಲಿನ ನಂಬರ್ ತಪ್ಪಿದೆ. ನನ್ನ ನೋಟ್‌ಬುಕ್ ಕೊಡು."

ನೋಟ್‌ಬುಕ್ಕಿನಲ್ಲಿ ನಮ್ಮ ಕಟ್ಟಡದ ಒಂದೊಂದು ಯಂತ್ರದ ಎದುರೂ ಬಾಗಿಲಿನ ಸಾಲು ಇತ್ತು. ಎಲ್ಲದರಲ್ಲೂ ಕೊನೆಯ ಅಂಕಿ ಒಂದೇ: ಒಂದು. ಗೋಡೆಯ ಹಾಳೆಯಲ್ಲಿ ಮಾತ್ರ ಇನ್ನೂರ ಐವತ್ತನಾಲ್ಕು. ರೂಟರ್ ಬದಲಾಗಿ ವರ್ಷವಾಗಿತ್ತು, ಹಾಳೆಯನ್ನು ಬದಲಿಸಲು ಯಾರಿಗೂ ನೆನಪಾಗಿರಲಿಲ್ಲ. ಫೋನಕ್ಕ ಅಳಿಸಿದರು, ಒಂದು ಎಂದು ಒತ್ತಿದರು, ಥಿಯೇಟರಿಗೆ ತಾವೇ ಫೋನ್ ಮಾಡಿದರು.

"ಈಗ ನೋಡಿ ಸಿಸ್ಟರ್."

ಅತ್ತಲಿಂದ ಸಿಸ್ಟರ್ ದನಿ ಕೇಳಿತು, ಫೋನಿನಿಂದ ಹೊರಗೆ ನಮಗೂ ಕೇಳುವಷ್ಟು ಜೋರಾಗಿ. "ಬಂತು! ಹಿಮೋಗ್ಲೋಬಿನ್ ಬಂತು. ಎಲ್ಲಾ ಬರ್ತಿದೆ!"

ದೊಡ್ಡ ಡಾಕ್ಟರು ಕಟ್ಟಿದ್ದ ಕೈ ಬಿಚ್ಚಿದರು. "ಚೆನ್ನಾಗಿ ಕಂಡುಹಿಡಿದ್ರಿ" ಎಂದು ಹೇಳಿ, ಹೊರಡುವ ಮುಂಚೆ ಗೋಡೆಯ ಆ ಹಳೆಯ ಹಾಳೆಯನ್ನು ತಾವೇ ಕಿತ್ತು ಮಡಿಸಿಕೊಂಡು ಹೋದರು. ಅವರ ಬಾಯಲ್ಲಿ ಮೆಚ್ಚುಗೆಯ ಮಾತು ಅಷ್ಟು ಉದ್ದ ಬಂದದ್ದನ್ನು ನಾನು ಕೇಳಿದ್ದೇ ಇಲ್ಲ.

ನಾಲ್ಕೂ ಆಪರೇಷನ್‌ಗಳು ಮುಗಿದವು, ನಾನು ಇನ್ನೊಂದು ಸಲ ರಸ್ತೆ ದಾಟಲಿಲ್ಲ. ಸಂಜೆಯೊಳಗೆ ಇಪ್ಪತ್ತೇಳು ಕಂಪ್ಯೂಟರುಗಳಲ್ಲೂ ಐದನೇ ನಂಬರು ಕೂತಿತ್ತು. ಆ ತಿಂಗಳು ಮತ್ತೆ ಆರು ಸಲ ಕರೆಂಟ್ ಹೋಯಿತು. ಮೊದಲ ಸಲ ಹೋದಾಗ ನರ್ಸುಗಳು, ನಾವು, ಔಷಧಿ ಕೊಡುವವರು ಎಲ್ಲ ಕೆಲಸ ಬಿಟ್ಟು ಪರದೆಯನ್ನೇ ನೋಡುತ್ತ ನಿಂತೆವು. ದೀಪ ಬಂತು, ಪರದೆ ಬೆಳಗಿತು, ಫಲಿತಾಂಶಗಳು ಇದ್ದಲ್ಲೇ ಇದ್ದವು. ದೂರಿನ ಪುಸ್ತಕದಲ್ಲಿ ಆ ದಿನದ ಸಾಲಿನಲ್ಲಿ ಫೋನಕ್ಕ ಬರೆದದ್ದು ನನ್ನ ಕಣ್ಣಿಗೆ ಬಿತ್ತು. ದೂರು: ಇಲ್ಲ. ಅದಕ್ಕೆ ಮುಂಚೆ ಏನಾಗಿತ್ತು: ಕರೆಂಟ್ ಹೋಗಿತ್ತು.

ಆ ಗುರುವಾರದ ಮರುದಿನವೇ ಬಂದ ಇಂಜಿನಿಯರ್ ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಪರೀಕ್ಷೆ ಮಾಡಿದ. ತಪ್ಪು ಹುಡುಕಿದ, ಸಿಗಲಿಲ್ಲ. ಹಳೆಯ ಹಾಳೆ ನಂಬಿ ಎಂದು ಹೇಳಿದ್ದು ತನ್ನದೇ ತಪ್ಪು ಎಂದು ಎಲ್ಲರ ಎದುರು ಒಪ್ಪಿಕೊಂಡ. ಅದು ಅವನ ದೊಡ್ಡತನ. ತನ್ನ ಕಂಪನಿಗೆ ಬರೆದ ವರದಿಯಲ್ಲಿ, ಈ ಆಸ್ಪತ್ರೆಯ ನಂಬರುಗಳ ವಿಷಯ ಏನೇ ಇದ್ದರೂ ಮೊದಲು ಈ ಅಮ್ಮನವರನ್ನು ಕೇಳಬೇಕು, ಆಮೇಲೆ ತನ್ನನ್ನು ಎಂದು ಬರೆದ. ದೊಡ್ಡ ಡಾಕ್ಟರು ಅದರ ಕೆಳಗೆ ಸಹಿ ಹಾಕಿದರು. ಫೋನಕ್ಕನ ಕುರ್ಚಿ ಬಾಗಿಲ ಪಕ್ಕದಿಂದ ಒಳಗೆ ಬಂತು. ಬಾಗಿಲ ಮೇಲೆ ಒಂದು ಹೊಸ ಫಲಕ ಬಂತು: "ನೆಟ್‌ವರ್ಕ್ ಉಸ್ತುವಾರಿ." ಓದಿದವರೆಲ್ಲ "ಉಸ್ತುವಾರಿ ಯಾರು?" ಎಂದು ಕೇಳಿದರೆ ಒಳಗಿನವರು "ಫೋನಕ್ಕ" ಎನ್ನುತ್ತಿದ್ದರು.

ಮುಂದೆ ಆ ಇಂಜಿನಿಯರ್ ತನ್ನ ಉಳಿದ ಎರಡು ಆಸ್ಪತ್ರೆಗಳಿಗೂ ಅವರನ್ನು ಕರೆದುಕೊಂಡು ಹೋದ. ಒಂದು ಕಡೆ ಬೋರ್ಡು ಕಿತ್ತ ಮೇಲೆ ರೋಗಿಗಳಿಗೆ ಚೀಟಿ ಹರಿದುಕೊಡುತ್ತ ಕೂತಿದ್ದ ಇಬ್ಬರು ಹಳೆಯ ಆಪರೇಟರುಗಳು ಸಿಕ್ಕರಂತೆ. ಫೋನಕ್ಕ ಅವರ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟು, "ಎದ್ದೇಳಿ, ನಂಬರ್ ಬರೆಯೋಣ" ಎಂದರಂತೆ. ಒಬ್ಬರು ನಮಗೆ ಇಂಗ್ಲಿಷ್ ಬರಲ್ಲವಲ್ಲ ಎಂದದ್ದಕ್ಕೆ, "ಅಂಕಿಗೆ ಯಾವ ಇಂಗ್ಲಿಷು?" ಎಂದು ಕೇಳಿದರಂತೆ.

ಈ ಎಲ್ಲ ಸುದ್ದಿ ದರ್ಜಿಯ ಅಂಗಡಿಗೆ ಮುಟ್ಟಿ ಅಲ್ಲಿ ಇನ್ನಷ್ಟು ಬೆಳೆಯಿತು. ಅಳತೆ ಕೊಡಲು ಬಂದವರ ಕುತ್ತಿಗೆಗೆ ಟೇಪು ಸುತ್ತಿ, ಅವರು ಅಲ್ಲಾಡದ ಹಾಗೆ ಹಿಡಿದು, ಗಂಡ ತಮ್ಮ ಹೆಂಡತಿಯ ಸಾಹಸ ಹೇಳುತ್ತಿದ್ದರು. ಕೊನೆಗೆ ತಾವೇ ನೋಡಲೇಬೇಕೆಂದು ಒಂದು ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಬಂದರು. ಫೋನಕ್ಕ ಅವರನ್ನು ಸರ್ವರ್ ಕೋಣೆಗೆ ಕರೆದುಕೊಂಡು ಹೋದರು. ನಾನೂ ಹಿಂದೆ ಹೋದೆ.

ಅಲ್ಲಿ ಇದ್ದದ್ದು ಒಂದು ಕಪ್ಪು ಪೆಟ್ಟಿಗೆ, ಮಿಣುಗುವ ಎರಡು ಹಸಿರು ದೀಪ.

"ಇಷ್ಟೇನಾ?" ಎಂದರು ಗಂಡ.

"ಇಷ್ಟೇ."

ಅವರು ಪೆಟ್ಟಿಗೆಯನ್ನು ಒಂದು ಸುತ್ತು ಬಂದು ನೋಡಿದರು. ಬಗ್ಗಿ ಹಿಂದಿನ ತಂತಿಗಳನ್ನು ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಈಗ ಇದನ್ನ ಇಡೀ ಆಸ್ಪತ್ರೆ ಹುಡುಕಿಕೊಂಡು ಬರ್ತಿದೆಯಾ?"

"ಬರ್ತಿದೆ. ಈ ಕ್ಷಣದಲ್ಲೂ."

"ನೀನು ಕೊಟ್ಟ ನಂಬರಿಗೆ?"

"ನಾನು ಕೊಟ್ಟ ನಂಬರಿಗೆ."

ಆ ಮಾತುಗಾರ ಮನುಷ್ಯ ಹೆಂಡತಿಯ ಪಕ್ಕದಲ್ಲಿ ಎದೆ ಸೆಟೆಸಿ, ಫೋಟೋಗೆ ನಿಂತವರ ಹಾಗೆ, ಹಸಿರು ದೀಪಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದರು. ಫೋನಕ್ಕ ಅವರನ್ನು ಹೊರಡಿಸಲಿಲ್ಲ. ಪಕ್ಕದಲ್ಲಿ ತಾವೂ ನಿಂತರು.